ಗುಂಪಿನಲ್ಲಿ ಗೋವಿಂದ: ಒಂದು ಮಾಡೆಲ್‌ನ ವಿಮರ್ಶೆ

ಕಾದಂಬರಿಗೆ ವಿಮರ್ಶೆ ಬರೀತಾರೆ, ಸಿನಿಮಾಗೆ ಬರೀತಾರೆ, ನಾಟಕಕ್ಕೆ ಬರೀತಾರೆ. ಗಣಿತದ ಮಾಡೆಲ್‌ಗೆ ಯಾಕೆ ಬರೆಯಬಾರದು? ಮಾಡೆಲ್ ಕೂಡ ಒಂದು ಕೃತಿಯೇ. ಅದನ್ನು ಯಾರೋ ಕೂತು ಬರೆದಿರುತ್ತಾರೆ. ಲೋಕದಿಂದ ಒಂದಿಷ್ಟನ್ನು ಆರಿಸಿಕೊಂಡು ಮಿಕ್ಕದ್ದನ್ನು ಹೊರಗೆ ಬಿಟ್ಟಿರುತ್ತಾರೆ. ಏನು ಬಿಟ್ಟರು, ಬಿಟ್ಟದ್ದು ಸರಿಯೇ ಅಂತ ಕೇಳೋದೇ ತಾನೇ ವಿಮರ್ಶೆ? ಡೇಟಾ ಸೈನ್ಸ್ ನನ್ನ ಹೊಟ್ಟೆಪಾಡು, ಹಾಗಾಗಿ ಈ ಪ್ರಶ್ನೆ ನನಗೆ ಭಾನುವಾರದ ಹವ್ಯಾಸ ಅಲ್ಲ, ಸೋಮವಾರದ ಕೆಲಸ. ಪಾಡ್‌ಕಾಸ್ಟ್‌ನಲ್ಲಿ ಮಾತಾಡುವಾಗ ಸಮೀಕರಣದ ಮಾತು ಬಂದಕೂಡಲೇ ಕೇಳುಗರು ಇಯರ್‌ಫೋನ್ ತೆಗೀತಾರೆ ಅನ್ನೋ ಭಯ ಇರುತ್ತೆ. ಇಲ್ಲಿ ನೀವು ನಿಧಾನವಾಗಿ ಓದಬಹುದು, ಬೇಕಾದರೆ ಎರಡು ಸಲ ಓದಬಹುದು.

ನಾನು ಎತ್ತಿಕೊಂಡಿರುವ ಕೃತಿ 1995ರದ್ದು, ಕೆಲವೇ ಪುಟದ್ದು. ಹಂಗೇರಿಯ ಭೌತವಿಜ್ಞಾನಿ ತಮಾಶ್ ವಿಚೆಕ್ ಮತ್ತು ನಾಲ್ವರು ಜೊತೆಗಾರರು ‘ಫಿಸಿಕಲ್ ರಿವ್ಯೂ ಲೆಟರ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ. ಹಕ್ಕಿ, ಮೀನು, ಮಿಡತೆ, ಬ್ಯಾಕ್ಟೀರಿಯ ಇವೆಲ್ಲ ನಾಯಕನಿಲ್ಲದೆ ಒಂದೇ ದಿಕ್ಕಿಗೆ ಹೇಗೆ ಹೋಗುತ್ತವೆ ಅನ್ನೋದು ವಿಷಯ. ಅವರ ಉತ್ತರದಲ್ಲಿ ಇರುವುದು ಒಂದೇ ಒಂದು ನಿಯಮ. ಒಂದು ಚೌಕದ ತುಂಬ ಚುಕ್ಕಿಗಳನ್ನು ಚೆಲ್ಲಿ. ಎಲ್ಲ ಚುಕ್ಕಿಗಳ ವೇಗವೂ ಒಂದೇ, ಯಾವುದೂ ನಿಲ್ಲುವ ಹಾಗಿಲ್ಲ. ಪ್ರತಿ ಹೆಜ್ಜೆಗೂ ಪ್ರತಿ ಚುಕ್ಕಿ ತನ್ನ ಸುತ್ತ ಒಂದು ನಿಗದಿತ ದೂರದೊಳಗೆ ಇರುವವರು ಯಾವ ಕಡೆ ಹೊರಟಿದ್ದಾರೆ ಅಂತ ನೋಡುತ್ತೆ, ಆ ದಿಕ್ಕುಗಳ ಸರಾಸರಿ ತಗೊಳ್ಳುತ್ತೆ, ಆ ಕಡೆ ತಿರುಗುತ್ತೆ. ತಿರುಗುವಾಗ ಒಂಚೂರು ತಪ್ಪುತ್ತೆ. ಅಷ್ಟೇ. ನಮ್ಮಲ್ಲಿ ಇದಕ್ಕೆ ಮೊದಲೇ ಹೆಸರಿದೆ: ಗುಂಪಿನಲ್ಲಿ ಗೋವಿಂದ. ಪಕ್ಕದವನು ಗೋವಿಂದ ಅಂದ, ನಾನೂ ಅಂದೆ. ಮೊದಲು ಅಂದವನು ಯಾರು, ಯಾಕೆ ಅಂದ ಅನ್ನೋದು ಯಾರಿಗೂ ಬೇಕಿಲ್ಲ.

ಆ ‘ಒಂಚೂರು ತಪ್ಪು’ ಅನ್ನೋದಕ್ಕೆ ಈ ವಿದ್ಯೆಯಲ್ಲಿ ಗದ್ದಲ ಅಂತ ಹೆಸರು. ಕಿವಿಗೆ ಕೇಳುವ ಗದ್ದಲ ಅಲ್ಲ, ದಿಕ್ಕಿನೊಳಗಿನ ಗದ್ದಲ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಅಂತಾರಲ್ಲ, ಆ ಪೋರತನವನ್ನು ಎಲ್ಲ ಚುಕ್ಕಿಗಳಿಗೂ ಸಮನಾಗಿ ಹಂಚಿದ ಹಾಗೆ. ಗದ್ದಲ ಜಾಸ್ತಿ ಇದ್ದರೆ ಚುಕ್ಕಿಗಳು ಸಂತೆಯಲ್ಲಿ ಕೈಬಿಟ್ಟ ಮಕ್ಕಳ ಹಾಗೆ ಅಲೆಯುತ್ತವೆ. ಗದ್ದಲವನ್ನು ಇಳಿಸುತ್ತಾ ಬನ್ನಿ, ಅಥವಾ ಅದೇ ಜಾಗದಲ್ಲಿ ಚುಕ್ಕಿಗಳ ಸಂಖ್ಯೆಯನ್ನು ಏರಿಸುತ್ತಾ ಬನ್ನಿ. ಒಂದು ಹಂತ ದಾಟಿದ ಮೇಲೆ ಇಡೀ ಚೌಕ ಒಂದೇ ಕಡೆ ಹೊರಟುಬಿಡುತ್ತೆ. ನೀರು ಮಂಜುಗಡ್ಡೆ ಆಗುವಂಥ ಬದಲಾವಣೆ ಅದು, ಆದರೆ ಇಲ್ಲಿ ಹೆಪ್ಪುಗಟ್ಟಿದ್ದು ದಿಕ್ಕು.

ಇದಕ್ಕೂ ಮೊದಲು, 1987ರಲ್ಲಿ, ಕ್ರೇಗ್ ರೆನಾಲ್ಡ್ಸ್ ಅನ್ನುವ ಗ್ರಾಫಿಕ್ಸ್ ತಜ್ಞ ಮೂರು ನಿಯಮ ಹಾಕಿ ಕಂಪ್ಯೂಟರ್ ಹಕ್ಕಿಗಳನ್ನು ಹಾರಿಸಿದ್ದ: ಪಕ್ಕದವರಿಗೆ ಡಿಕ್ಕಿ ಹೊಡೀಬೇಡ, ಅವರ ದಿಕ್ಕಿಗೆ ಹೊಂದಿಕೋ, ಗುಂಪು ಬಿಟ್ಟು ದೂರ ಹೋಗಬೇಡ. 1992ರ ‘ಬ್ಯಾಟ್‌ಮ್ಯಾನ್ ರಿಟರ್ನ್ಸ್’ ಸಿನಿಮಾದ ಬಾವಲಿಗಳು ಆ ವಿದ್ಯೆಯವೇ. ವಿಚೆಕ್ ಮೂರರಲ್ಲಿ ಎರಡನ್ನು ಕಿತ್ತುಹಾಕಿದರು. ಬರವಣಿಗೆಯಲ್ಲಿ ಇಂಥ ಧೈರ್ಯ ಅಪರೂಪ. ನನಗೆ ಈ ಲೇಖನ ಇಷ್ಟವಾಗುವುದು ಇದಕ್ಕೇ. ಮುಂದೆ ಎಷ್ಟೇ ಬೈದರೂ ಈ ಮಾತನ್ನು ಹಿಂದಕ್ಕೆ ತಗೊಳ್ಳೋದಿಲ್ಲ.

ಇಷ್ಟವಾಗೋದಕ್ಕೆ ಇನ್ನೊಂದು ಕಾರಣ ಇದೆ, ಅದು ಸ್ವಲ್ಪ ಸೂಕ್ಷ್ಮ. ಒಂದು ದೊಡ್ಡ ಮೈದಾನದಲ್ಲಿ ಸಾವಿರಾರು ಜನ ನಿಂತಲ್ಲೇ ನಿಂತು, ಪಕ್ಕದವರನ್ನು ಮಾತ್ರ ನೋಡಿಕೊಂಡು, ಎಲ್ಲರೂ ಒಂದೇ ಕಡೆ ಕೈ ತೋರಿಸಬೇಕು ಅಂತ ಇಟ್ಕೊಳ್ಳಿ. ಪ್ರತಿಯೊಬ್ಬರೂ ಚೂರುಚೂರು ತಪ್ಪು ಮಾಡಿದರೆ, ಮೈದಾನ ಸಾಕಷ್ಟು ದೊಡ್ಡದಾಗಿದ್ದರೆ, ಇದು ಆಗದ ಕೆಲಸ. ಎರಡು ಆಯಾಮದಲ್ಲಿ ಇಂಥ ಒಮ್ಮತ ದೂರದವರೆಗೆ ಉಳಿಯೋದಿಲ್ಲ ಅನ್ನೋದು 1960ರ ದಶಕದಿಂದ ಗೊತ್ತಿರುವ ಪ್ರಮೇಯ. ಆದರೆ ಅದೇ ಜನ ತಾವು ತೋರಿಸಿದ ಕಡೆಗೆ ನಡೆಯೋಕೆ ಶುರು ಮಾಡಿದರೆ ಒಮ್ಮತ ಸಾಧ್ಯ! ವಿಚೆಕ್ ಲೇಖನ ಬಂದ ವರ್ಷವೇ ಜಾನ್ ಟೋನರ್ ಮತ್ತು ಯುಹೈ ಟು ಇದನ್ನು ಹಿಂಡಿನ ಸಮೀಕರಣಗಳಿಂದ ತೋರಿಸಿದರು. ನಡೆಯುವವನಿಗೆ ನೆರೆಹೊರೆ ಬದಲಾಗುತ್ತಾ ಇರುತ್ತೆ. ನಿನ್ನೆ ಯಾರ್ಯಾರ ದಿಕ್ಕನ್ನೋ ನೋಡಿದವನು ಆ ಸುದ್ದಿಯನ್ನು ಹೊತ್ತುಕೊಂಡು ಇವತ್ತು ಬೇರೆಯವರ ಪಕ್ಕಕ್ಕೆ ಬರುತ್ತಾನೆ. ಊರು ಬಿಟ್ಟು ಊರಿಗೆ ಬಂದ ನಮಗೆ ಇದನ್ನು ವಿವರಿಸಬೇಕಿಲ್ಲ. 2020ರಲ್ಲಿ ವಿಚೆಕ್, ಟೋನರ್, ಟು ಮೂವರಿಗೂ ಅಮೆರಿಕನ್ ಫಿಸಿಕಲ್ ಸೊಸೈಟಿಯ ಆನ್ಸಾಗರ್ ಪ್ರಶಸ್ತಿ ಒಟ್ಟಿಗೇ ಬಂತು.

ಬೆಂಗಳೂರಿಗೂ ಈ ಕಥೆಯಲ್ಲಿ ದೊಡ್ಡ ಪಾಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯ, ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನ, ಶ್ರೀರಾಮ್ ರಾಮಸ್ವಾಮಿ ಈ ಕ್ಷೇತ್ರವನ್ನು ಕಟ್ಟಿದವರಲ್ಲಿ ಒಬ್ಬರು. 2014ರಲ್ಲಿ ಅವರೂ ಎ.ಕೆ. ಸೂದ್ ಮತ್ತು ಇಬ್ಬರು ಸಹ ಸಂಶೋಧಕರೂ ಸೇರಿ ಮಾಡಿದ ಪ್ರಯೋಗ ನನ್ನ ಅಚ್ಚುಮೆಚ್ಚಿನದು. ಅಲುಗಾಡುವ ಒಂದು ತಟ್ಟೆ, ಅದರ ಮೇಲೆ ತುಂಬ ಅಲ್ಯೂಮಿನಿಯಂ ಮಣಿಗಳು, ನಡುನಡುವೆ ಕೆಲವೇ ಕೆಲವು ಹಿತ್ತಾಳೆ ಕಡ್ಡಿಗಳು. ಕಡ್ಡಿಯ ಒಂದು ತುದಿ ಸಣ್ಣಗಿದೆ, ಹಾಗಾಗಿ ತಟ್ಟೆ ನಡುಗಿದಾಗ ಅದು ಒಂದು ಕಡೆಗೆ ಓಡುತ್ತೆ. ಕಡ್ಡಿಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ ಇಲ್ಲ. ಆದರೂ ಮಣಿಗಳ ಸಂಖ್ಯೆ ಒಂದು ಮಟ್ಟ ದಾಟಿದಾಗ ಕಡ್ಡಿಗಳೆಲ್ಲ ಒಂದೇ ಕಡೆ ಹೊರಟವು. ಓಡುವ ಕಡ್ಡಿ ಮಣಿಗಳನ್ನು ತಳ್ಳುತ್ತೆ, ತಳ್ಳಿಸಿಕೊಂಡ ಮಣಿಗಳು ದೂರದ ಇನ್ನೊಂದು ಕಡ್ಡಿಯನ್ನು ತಿರುಗಿಸುತ್ತವೆ. ಮಣಿಗಳಿಗೆ ತಮ್ಮದು ಅಂತ ಯಾವ ದಿಕ್ಕೂ ಇಲ್ಲ, ಸುದ್ದಿ ಸಾಗಿಸಿದ್ದು ಅವೇ. ಕಣ್ಣಿಲ್ಲದ, ಮಿದುಳಿಲ್ಲದ ಹಿತ್ತಾಳೆ ಹಿಂಡು ಕಟ್ಟಿತು.

ಇಲ್ಲಿಗೆ ಹೊಗಳಿಕೆ ಸಾಕು. ಈಗ ಈ ಹಿತ್ತಾಳೆ ಕಡ್ಡಿಯಿಂದಲೇ ನನ್ನ ತಕರಾರು ಶುರುವಾಗುತ್ತೆ. ಕಡ್ಡಿಗಳು ಪಕ್ಕದವರ ಸರಾಸರಿ ತೆಗೆಯಲಿಲ್ಲ, ಆದರೂ ಹಿಂಡಾಯಿತು. ಅಂದಮೇಲೆ, ಹಿಂಡಾಗಿದೆ ಅಂದಕೂಡಲೇ ಅದರ ಒಳಗಿರುವವರು ಸರಾಸರಿ ತೆಗೀತಿದ್ದಾರೆ ಅಂತ ಹೇಳೋಕೆ ಆಗುತ್ತಾ? ಬೆಳ್ಳಗಿರುವುದೆಲ್ಲ ಹಾಲಲ್ಲ. ನನ್ನ ಕೆಲಸದಲ್ಲಿ ದಿನಾ ಕಾಣುವ ರೋಗ ಇದೇ: ಗ್ರಾಫ್‌ಗೆ ರೇಖೆ ಚೆನ್ನಾಗಿ ಕೂತರೆ ಸಾಕು, ಅದರ ಹಿಂದಿನ ಕಾರಣವೂ ನಾವು ಬರೆದದ್ದೇ ಅಂತ ಎಲ್ಲರೂ ಚಪ್ಪಾಳೆ ತಟ್ಟಿ ಮೀಟಿಂಗ್ ಮುಗಿಸ್ತಾರೆ.

ಕನ್ನಡ ಕಲೀತಿರುವವರಿಗೆ ಒಂದು ಅಡ್ಡಮಾತು. ನಮ್ಮಲ್ಲಿ ಹಕ್ಕಿಗೆ, ಆನೆಗೆ ಹಿಂಡು, ಕುರಿಗೆ ಮಂದೆ, ಇರುವೆಗೆ ಸಾಲು, ಸೈನ್ಯಕ್ಕೆ ದಂಡು, ಜಾತ್ರೆಯ ಜನಕ್ಕೆ ಜಂಗುಳಿ. ಮಂದೆಗೆ ಕಾಯುವವನು ಇರುತ್ತಾನೆ, ಹಿಂಡಿಗೆ ಇರಬೇಕಾಗಿಲ್ಲ. ದಂಡಿಗೆ ಅಪ್ಪಣೆ ಕೊಡುವವನು ಇರುತ್ತಾನೆ, ಜಂಗುಳಿಗೆ ಯಾರೂ ಇರೋದಿಲ್ಲ. ವಿಚೆಕ್ ಮಾಡೆಲ್‌ನಲ್ಲಿ ಇವೆಲ್ಲಕ್ಕೂ ಚುಕ್ಕಿ ಒಂದೇ. ಅದು ಅದರ ಶಕ್ತಿ ಅಂತ ಭೌತವಿಜ್ಞಾನಿಗಳು ಹೇಳ್ತಾರೆ. ನಾನು ಅರ್ಧ ಒಪ್ಪುತ್ತೀನಿ.

ಭೌತವಿಜ್ಞಾನದ ಒಳಗಿನ ತಕರಾರು ಒಂದಿದೆ, ಬೇಗ ಹೇಳಿಬಿಡ್ತೀನಿ. ಮೂಲ ಲೇಖನದಲ್ಲಿ ದೊಡ್ಡ ಹಿಂಡು ಅಂದರೆ 10,000 ಚುಕ್ಕಿ. ಗಲಿಬಿಲಿಯಿಂದ ಶಿಸ್ತಿಗೆ ಬರುವ ಬದಲಾವಣೆ ನುಣುಪಾಗಿ ಆಗುತ್ತೆ ಅಂತ ಅವರು ಬರೆದರು. 2004ರಲ್ಲಿ ಗ್ರೆಗ್ವಾರ್ ಮತ್ತು ಶಾಟೆ ಇನ್ನೂ ದೊಡ್ಡ ಚೌಕಗಳಲ್ಲಿ ಓಡಿಸಿ ನೋಡಿದಾಗ ಅದು ನುಣುಪಲ್ಲ, ಥಟ್ಟನೆ ಜಿಗಿಯುತ್ತೆ, ಶಿಸ್ತು ಬರುವುದು ದಟ್ಟವಾದ ಪಟ್ಟಿಗಳಾಗಿ ಅಂತ ಗೊತ್ತಾಯಿತು. ವರ್ಷಗಟ್ಟಲೆ ಜಗಳ ನಡೆದು ಈಗ ಹೆಚ್ಚಿನವರು ಅದನ್ನೇ ಒಪ್ಪಿದ್ದಾರೆ.

ದೊಡ್ಡ ತಕರಾರು ಮಿಡತೆಗಳದ್ದು. ಆಸ್ಟ್ರೇಲಿಯಾದಲ್ಲಿ ಇದು ಪುಸ್ತಕದ ವಿಷಯ ಅಲ್ಲ. 2010ರ ವಸಂತದಲ್ಲಿ ನ್ಯೂ ಸೌತ್ ವೇಲ್ಸ್ ಮತ್ತು ವಿಕ್ಟೋರಿಯಾದ ರೈತರು ಏನು ಅನುಭವಿಸಿದರು ಅಂತ ಅಲ್ಲಿನ ಹಳ್ಳಿಗಾಡಿನಲ್ಲಿ ಕೇಳಿ ನೋಡಿ. ರೆಕ್ಕೆ ಬರುವ ಮೊದಲು ಮಿಡತೆ ಮರಿಗಳು ನೆಲದ ಮೇಲೆ ದಂಡುಗಟ್ಟಿ ನಡೆಯುತ್ತವೆ. ಔಷಧಿ ಹೊಡೆಯೋಕೆ ಅದೇ ಸರಿಯಾದ ಕಾಲ; ಹಾರಿದ ಮೇಲೆ ಹಿಡಿಯೋದು ಕಷ್ಟ. ಹಾಗಾಗಿ ದಂಡು ಯಾವಾಗ ಕಟ್ಟುತ್ತೆ, ನಾಳೆ ಎತ್ತ ಹೋಗುತ್ತೆ ಅನ್ನೋದು ಕೋಟಿಗಟ್ಟಲೆ ಬೆಳೆಯ ಪ್ರಶ್ನೆ. ಊರಲ್ಲೂ 2020ರ ಮೇ ತಿಂಗಳಲ್ಲಿ ಮಿಡತೆ ಮಹಾರಾಷ್ಟ್ರದವರೆಗೆ ಬಂದಾಗ ಬೀದರ್, ಕಲಬುರಗಿ ಕಡೆ ಎಚ್ಚರಿಕೆ ಕೊಟ್ಟಿದ್ದರು.

2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಜೆರೋಮ್ ಬೂಲ್, ಡೇವಿಡ್ ಸಂಪ್ಟರ್, ಇಯಾನ್ ಕೂಜಿನ್, ಸಿಡ್ನಿ ವಿಶ್ವವಿದ್ಯಾಲಯದ ಸ್ಟೀಫನ್ ಸಿಂಪ್ಸನ್ ಮುಂತಾದವರ ಪ್ರಯೋಗ ಬಂತು. ಬಳೆಯಾಕಾರದ ಒಂದು ಅಂಗಳ, ಅದರೊಳಗೆ ಐದರಿಂದ 120 ಮರುಭೂಮಿ ಮಿಡತೆ ಮರಿಗಳು, ಎಂಟು ಗಂಟೆ ಕ್ಯಾಮೆರಾ. ಕಡಿಮೆ ಇದ್ದಾಗ ಅಡ್ಡಾದಿಡ್ಡಿ ನಡೆದವು. ನಡುವಿನ ಸಂಖ್ಯೆಯಲ್ಲಿ ಒಟ್ಟಾಗಿ ನಡೆದು, ಇದ್ದಕ್ಕಿದ್ದಂತೆ ಎಲ್ಲವೂ ಹಿಂದಕ್ಕೆ ತಿರುಗಿದವು. ಒಂದು ಚದರ ಮೀಟರ್‌ಗೆ ಸುಮಾರು 74 ದಾಟಿದ ಮೇಲೆ ಎಲ್ಲವೂ ಒಂದೇ ಕಡೆ, ತಿರುಗುವ ಮಾತೇ ಇಲ್ಲ. ವಿಚೆಕ್ ಮಾಡೆಲ್ ಹೇಳಿದ ಹಾಗೇ! ಲೇಖನ ಬಹಳ ಹೆಸರು ಮಾಡಿತು. ಅನೇಕರಿಗೆ, ನನ್ನಂಥವರಿಗೂ, ಈ ವಿದ್ಯೆಯ ಪರಿಚಯ ಆಗಿದ್ದೇ ಅದರ ಚಿತ್ರಗಳಿಂದ.

ಆದರೆ ಮಿಡತೆ ಯಾಕೆ ನಡೆಯುತ್ತೆ? ಪಕ್ಕದವನ ದಿಕ್ಕು ಚೆನ್ನಾಗಿದೆ ಅಂತಲಾ? 2008ರಲ್ಲಿ ಇದೇ ಬಳಗದವರು, ಸೆಪಿಡೆ ಬಜಾಜಿ ಮೊದಲ ಲೇಖಕಿಯಾಗಿ, ಒಂದು ಕ್ರೂರ ಪ್ರಯೋಗ ಮಾಡಿದರು. ಕೆಲವು ಮಿಡತೆಗಳ ಹೊಟ್ಟೆಯ ನರವನ್ನು ಕತ್ತರಿಸಿದರು, ಹಿಂದಿನಿಂದ ಯಾರಾದರೂ ಕಚ್ಚಿದರೆ ಅವುಗಳಿಗೆ ಗೊತ್ತಾಗದ ಹಾಗೆ. ಅವು ನಡೆಯುವುದು ಕಡಿಮೆ ಆಯಿತು, ಮತ್ತು ಹಿಂದಿನವರ ಬಾಯಿಗೆ ಹೆಚ್ಚು ಸಿಕ್ಕವು. ಮಿಡತೆ ಮಿಡತೆಯನ್ನೇ ತಿನ್ನುತ್ತೆ. ಪ್ರೋಟೀನ್, ಉಪ್ಪು ಸಿಗದ ಬಯಲಿನಲ್ಲಿ ಪಕ್ಕದವನೇ ಊಟ. ಮುಂದಿನವನನ್ನು ತಿನ್ನೋಕೆ ನಡಿ, ಹಿಂದಿನವನ ಬಾಯಿಂದ ತಪ್ಪಿಸಿಕೊಳ್ಳೋಕೆ ನಡಿ. ದೂರದಿಂದ ನೋಡಿದರೆ ಕವಾಯತು, ಹತ್ತಿರದಿಂದ ನೋಡಿದರೆ ಬೆನ್ನಟ್ಟಿದ ಹಸಿವು. ಸಮೀಕರಣದಲ್ಲಿ ‘ಹೊಂದಿಕೆ’ ಅಂತ ಒಂದು ಪದ ಇತ್ತಲ್ಲ, ಆ ಪದ ಎಷ್ಟು ಸಭ್ಯವಾಗಿ ಸುಳ್ಳು ಹೇಳಿತ್ತು ನೋಡಿ.

2025ರ ಫೆಬ್ರವರಿಯಲ್ಲಿ ಅದೇ ‘ಸೈನ್ಸ್’ ಪತ್ರಿಕೆಯಲ್ಲಿ ಇನ್ನೊಂದು ಲೇಖನ ಬಂತು. ಮೊದಲ ಲೇಖಕ ಸೆರ್ಜಾನ್ ಸಾಯಿನ್, ಕೊನೆಯ ಹೆಸರು ಇಯಾನ್ ಕೂಜಿನ್. ಹೌದು, 2006ರ ಲೇಖನದಲ್ಲಿದ್ದ ಅದೇ ಕೂಜಿನ್. ಈ ಸಲ ಮಿಡತೆಯನ್ನು ಕಂಪ್ಯೂಟರ್ ಚಿತ್ರದ ಲೋಕದೊಳಗೆ ನಡೆಸಿದರು: ಸುತ್ತ ಕಾಣುವ ಮಿಡತೆಗಳೆಲ್ಲ ನಕಲಿ, ಅವುಗಳ ಸಂಖ್ಯೆ, ದಿಕ್ಕು ಎಲ್ಲ ಪ್ರಯೋಗ ಮಾಡುವವರ ಕೈಯಲ್ಲಿ. ಎಡಕ್ಕೊಂದು ದಂಡು, ಬಲಕ್ಕೊಂದು ದಂಡು, ಎರಡೂ ಒಂದೇ ದಿಕ್ಕಿಗೆ ಹೊರಟಿವೆ, ನಡುವೆ ನಿಜವಾದ ಮಿಡತೆ. ಹಳೆಯ ಮಾಡೆಲ್ ಪ್ರಕಾರ ಅದು ಅವುಗಳ ಜೊತೆ ನೇರ ಹೋಗಬೇಕು. ಅದು ಹಾಗೆ ಮಾಡಲಿಲ್ಲ. ಒಂದು ದಂಡಿನ ಕಡೆಗೆ ತಿರುಗಿತು. ಸಂಖ್ಯೆ ಏರಿಸಿದರೂ ಹೆಚ್ಚು ವ್ಯತ್ಯಾಸ ಆಗಲಿಲ್ಲ; ಕಣ್ಣಿಗೆ ಕಾಣುವ ಚಲನೆ ಎಷ್ಟು ಒಮ್ಮುಖವಾಗಿದೆ ಅನ್ನೋದು ಮುಖ್ಯವಾಯಿತು. ಪಕ್ಕದವರಿಗೆ ಹೊಂದಿಕೊಳ್ಳುವ ನಿಯಮ ಮಿಡತೆಯಲ್ಲಿ ಇಲ್ಲ, ಇರುವುದು ಯಾವ ಕಡೆ ಹೋಗಲಿ ಅಂತ ಮಿದುಳು ಮಾಡುವ ಆಯ್ಕೆ ಅಂತ ಅವರ ತೀರ್ಮಾನ. ಹತ್ತೊಂಬತ್ತು ವರ್ಷದ ಮೇಲೆ ತಾನೇ ಪಾಲುದಾರನಾಗಿದ್ದ ಕೃತಿಯನ್ನು ಇಷ್ಟು ಕಟುವಾಗಿ ವಿಮರ್ಶೆ ಮಾಡಿದವರು ಸಾಹಿತ್ಯದಲ್ಲಿ ಎಷ್ಟು ಜನ ಸಿಗ್ತಾರೆ?

ಮೀನಿನ ಕಥೆ ಇನ್ನೊಂದು ಥರ. ಇದರಲ್ಲಿ ಬೆಂಗಳೂರೂ ಇದೆ, ಸಿಡ್ನಿಯೂ ಇದೆ. ಟಾಟಾ ಇನ್‌ಸ್ಟಿಟ್ಯೂಟ್‌ನ ವಿಶ್ವೇಶ ಗುತ್ತಲ್ ಅವರ ಪ್ರಯೋಗಾಲಯದಲ್ಲಿ, ಈಗ ಸಿಡ್ನಿಯ ಯುಎನ್‌ಎಸ್‌ಡಬ್ಲ್ಯುನಲ್ಲಿರುವ ರಿಚರ್ಡ್ ಮಾರಿಸ್ ಮುಂತಾದವರ ಜೊತೆ, ಕೇರಳದವರು ಕರಿಮೀನು ಅನ್ನುವ ಜಾತಿಯನ್ನು 15, 30, 60ರ ಗುಂಪುಗಳಲ್ಲಿ ಈಜಲು ಬಿಟ್ಟರು. ಫಲಿತಾಂಶ 2020ರಲ್ಲಿ ‘ನೇಚರ್ ಫಿಸಿಕ್ಸ್’ನಲ್ಲಿ ಬಂತು. ಸಣ್ಣ ಗುಂಪೇ ಹೆಚ್ಚು ಶಿಸ್ತಿನಿಂದ ಈಜಿತು! ಮೀನು ಎಲ್ಲರ ಸರಾಸರಿ ತಗೊಳ್ಳೋದಿಲ್ಲ. ಆಗೀಗ ಯಾರೋ ಒಬ್ಬರನ್ನು ನೋಡಿ ಹಾಗೇ ನಕಲು ಮಾಡುತ್ತೆ. ಗುಂಪು ಚಿಕ್ಕದಾದಷ್ಟೂ ಆಕಸ್ಮಿಕದ ಪಾಲು ದೊಡ್ಡದು, ಆ ಆಕಸ್ಮಿಕವೇ ಗುಂಪನ್ನು ಒಂದು ದಿಕ್ಕಿಗೆ ದಬ್ಬುತ್ತೆ. ವಿಚೆಕ್ ಹಿಂಡನ್ನು ಕೆಡಿಸುವ ಶತ್ರು ಅಂತ ಬರೆದಿದ್ದ ಗದ್ದಲ ಇಲ್ಲಿ ಹಿಂಡನ್ನು ಕಟ್ಟುತ್ತೆ. ಮನೆಯಲ್ಲಿ ನಾಲ್ಕೇ ಜನ ಕನ್ನಡ ಮಾತಾಡುವವರು ಇರುವಾಗ ಒಬ್ಬ ಹುಡುಗಿ ಇಂಗ್ಲಿಷಿಗೆ ಹೊರಳಿದರೆ ಇಡೀ ಮನೆ ಹೊರಳುತ್ತೆ, ಒಬ್ಬ ಅಜ್ಜಿ ಬಂದಿಳಿದರೆ ಇಡೀ ಮನೆ ವಾಪಸ್ ಬರುತ್ತೆ. ಇದನ್ನು ಸಿಡ್ನಿ, ಮೆಲ್ಬರ್ನ್‌ನಲ್ಲಿ ಎಷ್ಟೋ ಮನೆಗಳಲ್ಲಿ ಕಂಡಿದ್ದೀನಿ. ಇದು ಹೋಲಿಕೆ ಮಾತ್ರ, ಪುರಾವೆ ಅಲ್ಲ. ಬೇರೆಯವರ ಮಾಡೆಲ್ ಬಗ್ಗೆ ತಕರಾರು ತೆಗೆದವರು ತಮ್ಮ ಹೋಲಿಕೆಯನ್ನೂ ಅಷ್ಟಕ್ಕೇ ನಿಲ್ಲಿಸಬೇಕು.

ಮಿಡತೆ, ಮೀನಿನ ಬಗ್ಗೆ ತಪ್ಪಾದರೆ ಇನ್ನೊಂದು ಲೇಖನ ಬರೀಬಹುದು. ಮನುಷ್ಯರ ಬಗ್ಗೆ ತಪ್ಪಾದರೆ?

2000ದಲ್ಲಿ ಡಿರ್ಕ್ ಹೆಲ್ಬಿಂಗ್, ಇಲ್ಲೆಸ್ ಫಾರ್ಕಾಶ್ ಮತ್ತು ಇದೇ ವಿಚೆಕ್ ‘ನೇಚರ್’ ಪತ್ರಿಕೆಯಲ್ಲಿ ಜನಜಂಗುಳಿಯ ಮಾಡೆಲ್ ಒಂದನ್ನು ಪ್ರಕಟಿಸಿದರು. ಬಾಗಿಲಿನ ಕಡೆ ಎಲ್ಲರೂ ಬೇಗ ಹೋಗಬೇಕು ಅಂತ ನುಗ್ಗಿದಷ್ಟೂ ಹೊರಬರೋದು ತಡವಾಗುತ್ತೆ ಅನ್ನೋದು ಅದರ ಪ್ರಸಿದ್ಧ ಫಲಿತಾಂಶ. ಅದು ಉಪಯೋಗದ ಮಾತು. ನನ್ನ ತಕರಾರು ಲೇಖನದ ಹೆಸರಿನಲ್ಲೇ ಇದ್ದ ‘ಪ್ಯಾನಿಕ್’ ಅನ್ನೋ ಪದದ ಮೇಲೆ. ದುರಂತಗಳಲ್ಲಿ ಜನ ಬುದ್ಧಿಗೆಟ್ಟು ಓಡೋದು ಅಪರೂಪ, ಒಬ್ಬರಿಗೊಬ್ಬರು ಕೈಕೊಡೋದೇ ಹೆಚ್ಚು ಅಂತ ಸಮಾಜವಿಜ್ಞಾನಿಗಳು ಅದಕ್ಕೂ ದಶಕಗಳ ಮೊದಲಿಂದ ಹೇಳುತ್ತಾ ಬಂದಿದ್ದರು. ಮಾಡೆಲ್‌ನ ಒಳಗೆ ‘ಗಾಬರಿ’ ಅಂದರೆ ಬೇಕಾದ ವೇಗವನ್ನು ಜಾಸ್ತಿ ಮಾಡುವ ಒಂದು ಸಂಖ್ಯೆ, ಅಷ್ಟೇ. ಹೊರಗೆ ಬಂದಾಗ ಅದೇ ಪದ ಆಪಾದನೆ ಆಗುತ್ತೆ.

ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದಲ್ಲಿ ನಿರಾಜನ್ ಶಿವಾಕೋಟಿ, ಮಜೀದ್ ಸರ್ವಿ ಮುಂತಾದವರು ಇದೇ ಪ್ರಶ್ನೆಗೆ ಅರ್ಜೆಂಟೈನ್ ಇರುವೆಗಳನ್ನು ಗಾಬರಿಪಡಿಸಿ ನೋಡಿದರು. ಜನರನ್ನು ಹಾಗೆ ಪರೀಕ್ಷೆಗೆ ಒಡ್ಡೋಕೆ ಆಗಲ್ಲವಲ್ಲ. ಬಾಗಿಲು ಎಲ್ಲಿರಬೇಕು, ಅದರ ಮುಂದೆ ಕಂಬ ಇದ್ದರೆ ಏನಾಗುತ್ತೆ ಅನ್ನುವ ಅವರ ಪ್ರಶ್ನೆ ಸರಿಯಾದ ಪ್ರಶ್ನೆ, ಯಾಕೆಂದರೆ ಅದು ಇರುವೆಯ ಗುಣ ಬಿಟ್ಟು ಕಟ್ಟಡದ ಗುಣ ಕೇಳುತ್ತೆ. ಆದರೆ 2015ರಲ್ಲಿ ಅರ್ಜೆಂಟೀನಾದ ಸಂಶೋಧಕರು ತೋರಿಸಿದ ಹಾಗೆ, ತಪ್ಪಿಸಿಕೊಳ್ಳುವಾಗ ಇರುವೆಗಳು ಮನುಷ್ಯರ ಹಾಗೆ ಬಾಗಿಲಲ್ಲಿ ಒತ್ತಿಕೊಳ್ಳೋದಿಲ್ಲ. ಅವು ನಮಗಿಂತ ಮರ್ಯಾದಸ್ಥ ಜೀವಿಗಳು.

2025ರ ಜೂನ್ 4, ಬೆಂಗಳೂರು. ಹಿಂದಿನ ರಾತ್ರಿ ಆರ್‌ಸಿಬಿ ಮೊದಲ ಸಲ ಐಪಿಎಲ್ ಗೆದ್ದಿತ್ತು. ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹೊರಗೆ 11 ಜನ ಸತ್ತರು. ಕ್ರೀಡಾಂಗಣದ ಸಾಮರ್ಥ್ಯ 35,000, ಬಂದವರು ಎರಡು ಮೂರು ಲಕ್ಷ ಅಂತ ಮುಖ್ಯಮಂತ್ರಿ ಅವತ್ತು ಹೇಳಿದರು. ಇಲ್ಲಿ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಏನು ಹರಿದಾಡಿತು ಅಂತ ನಿಮಗೆ ಗೊತ್ತು: ನಮ್ಮ ಜನಕ್ಕೆ ಶಿಸ್ತಿಲ್ಲ, ಕುರಿಮಂದೆ, ಹುಚ್ಚಾಟ. ಇದು ವಿಚೆಕ್ ಮಾಡೆಲ್‌ನ ಬೀದಿ ಆವೃತ್ತಿ: ಪಕ್ಕದವನು ನುಗ್ಗಿದ, ಇವನೂ ನುಗ್ಗಿದ.

ಅಲ್ಲಿ ಈ ಮಾಡೆಲ್ ನಡೆಯಲ್ಲ. ಚುಕ್ಕಿಗೆ ತಿರುಗುವ ಸ್ವಾತಂತ್ರ್ಯ ಇದೆ ಅನ್ನೋದು ಅದರ ಮೊದಲ ಸಾಲು. ಒಂದು ಚದರ ಮೀಟರ್‌ನಲ್ಲಿ ಏಳು ಜನ ಆದಾಗ ಆ ಸಾಲು ಅಳಿಸಿಹೋಗುತ್ತೆ. ಜನಸಂದಣಿ ದ್ರವದ ಹಾಗೆ ಆಗುತ್ತೆ, ಕಾಲು ನೆಲಕ್ಕೆ ತಾಗದೆಯೂ ಮೈ ಸಾಗುತ್ತೆ ಅಂತ ಎಂಜಿನಿಯರ್ ಜಾನ್ ಫ್ರೂಯಿನ್ ಬಹಳ ಹಿಂದೆಯೇ ಬರೆದಿದ್ದರು. ಸಾವು ಬರುವುದು ಹೆಚ್ಚಾಗಿ ತುಳಿತದಿಂದ ಅಲ್ಲ, ಎದೆ ಒತ್ತಿ ಉಸಿರು ನಿಂತು. ‘ಕಾಲ್ತುಳಿತ’ ಅನ್ನೋ ನಮ್ಮ ಪತ್ರಿಕೆಗಳ ಪದವೇ ತುಳಿದವರು ಯಾರೋ ಇದ್ದಾರೆ ಅನ್ನೋ ಅರ್ಥ ಹುಟ್ಟಿಸುತ್ತೆ. ಹಿಂದೆ ನಿಂತವನಿಗೆ ಮುಂದೆ ಏನಾಗ್ತಿದೆ ಅಂತ ಕಾಣೋದಿಲ್ಲ, ಮುಂದಿರುವವನಿಗೆ ಹಿಂದಕ್ಕೆ ಹೇಳೋಕೆ ಉಸಿರಿಲ್ಲ.

ನಿಮ್ಮಲ್ಲಿ ಕೆಲವರು 2022ರ ಅಕ್ಟೋಬರ್ 23ರಂದು ಎಂಸಿಜಿಯಲ್ಲಿ ಇದ್ದಿರಬಹುದು. ಭಾರತ, ಪಾಕಿಸ್ತಾನ, ಕೊನೆಯ ಬಾಲ್, ಕೊಹ್ಲಿ. 90,293 ಜನ. ಅದರಲ್ಲಿ ಬಹುಪಾಲು ನಮ್ಮವರೇ, ಅದೇ ‘ಶಿಸ್ತಿಲ್ಲದ’ ನಮ್ಮವರು, ಕೂಗಿ ಗಂಟಲು ಕಟ್ಟಿಸಿಕೊಂಡು ಹೊರಗೆ ಬಂದರು, ಯಾರ್ರಾ ಪಾರ್ಕ್‌ನ ಹುಲ್ಲಿನ ಮೇಲೆ ಚದುರಿದರು, ಅರ್ಧ ಜನ ಜೋಲಿಮಾಂಟ್ ಕಡೆ, ಅರ್ಧ ಜನ ರಿಚ್‌ಮಂಡ್ ಕಡೆ ಹೋಗಿ ರೈಲು ಹತ್ತಿದರು. ಹೋಲಿಕೆ ಪೂರ್ತಿ ನ್ಯಾಯವಲ್ಲ, ಒಪ್ಪುತ್ತೀನಿ: ಅಲ್ಲಿ ಎಲ್ಲರ ಕೈಯಲ್ಲೂ ಟಿಕೆಟ್ ಇತ್ತು, ಬೆಂಗಳೂರಿನಲ್ಲಿ ಜನ ಒಳಗೆ ಹೋಗುವವರು, ಮೆಲ್ಬರ್ನ್‌ನಲ್ಲಿ ಹೊರಗೆ ಬರುವವರು. ಆದರೆ ಈ ವ್ಯತ್ಯಾಸಗಳಲ್ಲಿ ಯಾವುದೂ ಜನರ ಸ್ವಭಾವದ್ದಲ್ಲ. ಎಲ್ಲವೂ ಟಿಕೆಟ್, ಗೇಟು, ಬಯಲಿನ ವಿಸ್ತಾರಕ್ಕೆ ಸೇರಿದ್ದು.

ಹೆಲ್ಬಿಂಗ್ ಕೂಡ ಇಲ್ಲಿಗೇ ಬಂದರು. ಜರ್ಮನಿಯ ಡ್ಯೂಸ್‌ಬರ್ಗ್‌ನಲ್ಲಿ 2010ರ ಜುಲೈ 24ರಂದು ಲವ್ ಪರೇಡ್ ಅನ್ನುವ ಸಂಗೀತ ಉತ್ಸವದಲ್ಲಿ 21 ಜನ ಸತ್ತರು. ಒಳಗೆ ಹೋಗುವವರಿಗೂ ಹೊರಗೆ ಬರುವವರಿಗೂ ಅದೇ ಸುರಂಗ, ಅದೇ ಇಳಿಜಾರು. ಹೆಲ್ಬಿಂಗ್ ಮತ್ತು ಪ್ರತೀಕ್ ಮುಖರ್ಜಿ ಅಲ್ಲಿನ ವಿಡಿಯೊಗಳನ್ನು ಒಂದೊಂದಾಗಿ ಜೋಡಿಸಿ ನೋಡಿದರು. ಕಂಬ ಹತ್ತಿದವರು, ಕಿರಿದಾದ ಮೆಟ್ಟಿಲಿನ ಕಡೆ ಸರಿದವರು ಹುಚ್ಚೆದ್ದವರಾಗಿರಲಿಲ್ಲ, ಇಕ್ಕಟ್ಟಿನಿಂದ ಹೊರಬರುವ ದಾರಿ ಹುಡುಕುತ್ತಿದ್ದವರು. ದುರಂತಕ್ಕೆ ಕಾರಣ ಪ್ಯಾನಿಕ್ ಅಲ್ಲ ಅಂತ 2012ರಲ್ಲಿ ಬರೆದರು. 2000ದ ಲೇಖನದ ಹೆಸರಿನಲ್ಲಿ ಇದ್ದ ಪದ ‘ಪ್ಯಾನಿಕ್’. 2012ರ ಲೇಖನದ ಹೆಸರಿನಲ್ಲಿ ಇರುವುದು ‘ವ್ಯವಸ್ಥೆಯ ವೈಫಲ್ಯ’.